ಅರಮನೆನೋ, ಕಚೇರಿನೋ?

ಬೆಂಗಳೂರಲ್ಲಿ ಅರಮನೆ ಅಂದರೆ ಎಲ್ಲರೂ ವಸಂತನಗರದ ಕಡೆ ಕೈ ತೋರಿಸುತ್ತಾರೆ. ಮಾರ್ಕೆಟ್ ಹತ್ತಿರ ಇನ್ನೊಂದಿದೆ, ಟಿಪ್ಪುವಿನ ಬೇಸಿಗೆ ಅರಮನೆ. ಮದುವೆಯಾಗಿ ಈ ಊರಿಗೆ ಬಂದು ಹನ್ನೊಂದು ವರ್ಷ. ಅದರ ಮುಂದೆ ಎಷ್ಟು ಸಲ ಓಡಾಡಿದ್ದೀನೋ ಲೆಕ್ಕವಿಲ್ಲ, ಒಳಗೆ ಕಾಲಿಟ್ಟಿರಲಿಲ್ಲ. ಹೋದ ತಿಂಗಳು ತುಮಕೂರಿಂದ ಅತ್ತೆ ಬಂದಾಗ ಹೋಗಿಬಂದೆವು.

ಕ್ಯಾಬ್ ಮಾಡೋಣ ಅಂದೆ. "ಆಧಾರ್ ಇದೆಯಲ್ಲಮ್ಮ, ಸುಮ್ನೆ ದುಡ್ಡು ಯಾಕೆ ದಂಡ?" ಅಂದರು ಅತ್ತೆ. 2023ರಲ್ಲಿ ಶಕ್ತಿ ಯೋಜನೆ ಬಂದಾಗಿಂದ ಅವರಿಗೆ ಬಸ್ಸೇ ಬಸ್ಸು. ಸೊನ್ನೆ ರೂಪಾಯಿ ಟಿಕೆಟನ್ನೂ ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಸೇರಿಸುತ್ತಾರೆ, ಚೆಕಿಂಗ್ ಬಂದರೆ ಇರಲಿ ಅಂತ.

ನಿಜ ಹೇಳಬೇಕಂದರೆ ಈ ಅರಮನೆಗೆ ಬಸ್ಸೇ ಸರಿ. ಕಾರಲ್ಲಿ ಹೋದರೆ ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಬಸ್ಸಲ್ಲಿ ಹೋದರೆ ಖಾಲಿ ಬುಟ್ಟಿ ಹಿಡಿದ ಹೂವಿನವರ ಜೊತೆ ಮಾರ್ಕೆಟ್ಟಲ್ಲಿ ಇಳಿದು, ಕೊತ್ತಂಬರಿ ಕಟ್ಟು ದಾಟಿಕೊಂಡು, ಕೋಟೆ ಬಾಗಿಲು ನೋಡಿಕೊಂಡು ನಡೆಯಬಹುದು. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರ್ ಅಲಿ 1761ರಲ್ಲಿ ಕಲ್ಲಿನದು ಮಾಡಿಸಿದ್ದು. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಅದೇ ಗೋಡೆ ಒಡೆದು ನುಗ್ಗಿತು. ಈಗ ಉಳಿದಿರುವುದು ಒಂದು ತುಂಡು ಅಷ್ಟೇ.

ಅರಮನೆ ಒಳಗೆ ಬಂದವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ಇಷ್ಟೇನಾ?" ಎರಡು ಸೆಲ್ಫಿ, ಆಮೇಲೆ ಜಾಗ ಖಾಲಿ. ಮೈಸೂರಿನ ದೀಪಾಲಂಕಾರ ತಲೆಯಲ್ಲಿಟ್ಟುಕೊಂಡು ಬಂದರೆ ಹೀಗೇ. ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಈಗಿನದು ಮುಗಿದದ್ದು 1912ರಲ್ಲಿ. ಇಲ್ಲಿನ ತೇಗದ ಕಂಬಗಳು ಅದಕ್ಕಿಂತ ನೂರಿಪ್ಪತ್ತು ವರ್ಷ ಹಳೆಯವು, ಇನ್ನೂ ನಿಂತಿವೆ. ಯಾರೋ ಪುಣ್ಯಾತ್ಮರು ಗೋಡೆ ಮೇಲೆ ಹೃದಯ ಕೆತ್ತಿ ಇಬ್ಬರ ಹೆಸರು ಬರೆದಿದ್ದಾರೆ. ಅವರ ಮದುವೆಯಾಯಿತೋ ಇಲ್ಲವೋ, ಗೋಡೆಯಂತೂ ಹಾಳಾಯಿತು.

ಅತ್ತೆ ಮಾತ್ರ ಒಂದು ಕಂಬದ ಮುಂದೆ ನಿಂತುಬಿಟ್ಟರು. ಕೆಳಗೆ ಕಲ್ಲಿನ ಪೀಠ, ಮೇಲೆ ಸಪೂರ ಮರ, ಅದರ ತುದಿಯಿಂದ ಎರಡೂ ಕಡೆ ಹೂವಿನ ಎಸಳಿನಂಥ ಕಮಾನು. "ಗೆದ್ದಲು ಹಿಡಿದಿಲ್ಲ ನೋಡು" ಅಂದರು. ಅವರು ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವರು. ಗೆದ್ದಲು ತಿಂದ ಫೈಲುಗಳ ಕಥೆ ಅವರಿಂದಲೇ ಕೇಳಬೇಕು.

ಹೈದರ್ 1781ರಲ್ಲಿ ಶುರುಮಾಡಿದ ಅರಮನೆಯನ್ನು ಟಿಪ್ಪು ಮುಗಿಸಿದ್ದು 1791ರಲ್ಲಿ, ಕೋಟೆ ಬಿದ್ದ ವರ್ಷವೇ. 1799ರಲ್ಲಿ ಅವನೂ ಹೋದ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ ಇದೇ ಸೆಕ್ರೆಟೇರಿಯಟ್ ಆಯಿತು. 1868ರಲ್ಲಿ ಅಠಾರಾ ಕಚೇರಿಗೆ ಗಂಟುಮೂಟೆ ಕಟ್ಟುವವರೆಗೂ ಇಲ್ಲೇ. ಇದನ್ನೆಲ್ಲ ಹೇಳಿದೆ. ಅತ್ತೆ ಬೆರಳು ಮಡಚಿದರು.

"ಎಂಟು ವರ್ಷ ಅರಮನೆ, ಮೂವತ್ತೇಳು ವರ್ಷ ಕಚೇರಿ. ಹಾಗಾದರೆ ಇದು ನಮ್ಮದೇ ಜಾಗ ಕಣಮ್ಮ."

ಆಮೇಲೆ ಅವರು ನೋಡಿದ ರೀತಿಯೇ ಬೇರೆ. ಮಹಡಿಯಲ್ಲಿ ಸುಲ್ತಾನ ದರ್ಬಾರು ನಡೆಸುತ್ತಿದ್ದ ಬಾಲ್ಕನಿ ಇದೆ. "ಸಾಹೇಬರು ಇಲ್ಲಿ ಕೂತಿರಬೇಕು, ಗಾಳಿ ಚೆನ್ನಾಗಿದೆ" ಅಂದರು. ಮೂಲೆಯ ಪುಟ್ಟ ಕೋಣೆ ರೆಕಾರ್ಡ್ ರೂಮಾಯಿತು. ಅರಮನೆಗೆ 'ರಶ್ಕ್-ಎ-ಜನ್ನತ್' ಅನ್ನೋ ಹೆಸರಿತ್ತು, ಸ್ವರ್ಗವೇ ಹೊಟ್ಟೆಕಿಚ್ಚು ಪಡುವಂಥದ್ದು ಅಂತ ಅರ್ಥ ಅಂದೆ. ಜೋರಾಗಿ ನಕ್ಕರು. "ನಾನಿದ್ದ ಕಚೇರಿ ನೋಡಿದ್ದರೆ ನರಕವೂ ಅಯ್ಯೋ ಅಂತಿತ್ತು."

ನಮ್ಮ ಫಲಕಗಳು ರಾಜರ ಬಗ್ಗೆ ಎಷ್ಟಾದರೂ ಹೇಳುತ್ತವೆ. ಇಲ್ಲಿ ಕೂತು ಅರ್ಜಿ ಬರೆದವರು, ಕಂದಾಯದ ಲೆಕ್ಕ ಇಟ್ಟವರು ಯಾರಿಗೂ ಬೇಡ. ನನಗಂತೂ ಸುಲ್ತಾನನಿಗಿಂತ ಅವರ ಮೇಲೇ ಕುತೂಹಲ ಜಾಸ್ತಿಯಾಯಿತು.

ವಾಪಸ್ ಬಸ್ಸಲ್ಲಿ ಸೀಟು ಸಿಕ್ಕಿತು. ಅಠಾರಾ ಕಚೇರಿ ಅಂದರೆ ಈಗಿನ ಹೈಕೋರ್ಟು ಅಂತ ಹೇಳಿದೆ. ಅತ್ತೆ ಟಿಕೆಟ್ ಮಡಚುತ್ತಾ ಕೇಳಿದರು, "ಅಲ್ಲಿಗೂ ಬಸ್ಸಿದೆ ತಾನೆ?"