ಕೊನೇ ಹಂತದ ಕ್ಯಾನ್ಸರ್‌ನಲ್ಲಿ ನರದ ಮೂಲಕ ಊಟ ಕೊಡ್ಬೇಕಾ?

ಪರ: ಹಸಿವು ಅಂದೋರಿಗೆ ಇಲ್ಲ ಅನ್ಬೇಡಿ

ನಮ್ಮವ್ವನಿಗೆ ಅಂಡಾಶಯದ ಕ್ಯಾನ್ಸರ್, ಹೊಟ್ಟೆಯೆಲ್ಲಾ ಹರಡಿ ಕರುಳು ಬ್ಲಾಕ್ ಆಗೋಯ್ತು, ಮೈಸೂರಲ್ಲಿ ಅಡ್ಮಿಟ್ ಮಾಡಿದ್ವಿ. ತಲೆ ನೆಟ್ಟಗೇ ಇತ್ತು ಅವಳಿಗೆ, ಬಾತ್‌ರೂಮಿಗೆ ತಾನೇ ಎದ್ದು ಹೋಗೋಳು, ವಿ.ಸಿ. ನಾಲೆಗೆ ನೀರು ಬಿಟ್ರಾ ನಾಟಿ ಯಾವಾಗ ಅಂತ ಕೇಳೋಳು, ಆದ್ರೆ ಎರಡು ಚಮಚ ಗಂಜಿ ಒಳಗೋದ್ರೂ ಹಸಿರು ವಾಂತಿ. ಹಸೀತದೆ ಕಣವ್ವಾ ಅನ್ನೋಳು.

ಇಂಥೋರಿಗೆ ಮೂಗಿನ ಪೈಪಲ್ಲಿ ಬಿಟ್ರೂ ಮುಂದಕ್ಕೆ ಹೋಗಲ್ಲ. ಆಗ ಉಳಿಯೋದು ಟಿಪಿಎನ್, ಅಂದ್ರೆ ಗ್ಲೂಕೋಸ್, ಅಮೈನೋ ಆಸಿಡ್, ಕೊಬ್ಬು, ವಿಟಮಿನ್ ಸೇರಿಸಿ ದೊಡ್ಡ ನರಕ್ಕೆ ಲೈನ್ ಹಾಕಿ ಕೊಡೋದು. ಮಾಮೂಲಿ ಡ್ರಿಪ್ಸೇ ಊಟ ಅನ್ಕೊಂಡಿದ್ವಿ ನಾವು. ಅರ್ಧ ಲೀಟರ್ 5% ಡೆಕ್ಸ್‌ಟ್ರೋಸ್ ಬಾಟಲಿಲಿರೋದು 25 ಗ್ರಾಂ ಸಕ್ಕರೆ ಅಂಶ, 100 ಕ್ಯಾಲೊರಿ ದಾಟಲ್ಲ, 50 ಕೆಜಿ ಮನುಷ್ಯನಿಗೆ ದಿನಕ್ಕೆ 1,250 ಆದ್ರೂ ಬೇಕು. ಆ ಬಾಟಲಿಗಳಲ್ಲೇ ಹನ್ನೆರಡು ದಿನ ಕಳೆದ್ವಿ, ಟಿಪಿಎನ್ ಮಾತು ಬರೋ ಹೊತ್ತಿಗೆ ಅವ್ವ ಎದ್ದು ಕೂರ್ತಿರಲಿಲ್ಲ.

ರೋಗಿಗಳ ಪೋಷಣೆ ಬಗ್ಗೆ ಕೆಲ್ಸ ಮಾಡೋ ಯುರೋಪಿನ ಎಸ್ಪೆನ್ ಸಂಸ್ಥೆ ಗೈಡ್‌ಲೈನ್ ಕೂಡ ಎಲ್ರಿಗೂ ಕೊಡ್ಬೇಕಿಲ್ಲ ಅನ್ನುತ್ತೆ ಹೊರತು ಯಾರಿಗೂ ಕೊಡ್ಲೇಬಾರ್ದು ಅನ್ನಲ್ಲ. ಕರುಳು ಕೆಲ್ಸ ಮಾಡ್ತಿಲ್ಲ, ಓಡಾಡೋ ಶಕ್ತಿ ಇದೆ, ಇನ್ನೂ ಕೆಲವು ತಿಂಗಳ ಜೀವ ಇದೆ ಅಂದ್ರೆ ಕ್ಯಾನ್ಸರ್‌ಗಿಂತ ಮುಂಚೆ ಉಪವಾಸವೇ ಪ್ರಾಣ ತೆಗೀಬಹುದು. ಪ್ಯಾಲಿಯೇಟಿವ್ (ನೋವು, ಕಷ್ಟ ಕಡಿಮೆ ಮಾಡೋ ಆರೈಕೆ) ಅಂತ ಫೈಲ್ ಮೇಲೆ ಬರೆದಾಕ್ಷಣ ಈ ಲೆಕ್ಕ ಹಾಕೋದನ್ನೇ ಬಿಡೋದು ತಪ್ಪು.

ವಿರೋಧ: ಚೀಲ ನೇತಾಕೋದೇ ಸೇವೆ ಅಲ್ಲ

ಆ ತಾಯಿ ವಿಷಯದಲ್ಲಿ ನಾನು ಜಗಳ ಆಡಲ್ಲ. ಆದ್ರೆ ಮದ್ದೂರು, ಪಾಂಡವಪುರ ಕಡೆ ಮನೆಮನೆಗೆ ಹೋಗೋ ನರ್ಸ್ ನಾನು, ನಾನು ನೋಡೋರಲ್ಲಿ ಹೆಚ್ಚಿನೋರಿಗೆ ಕರುಳು ಮುಚ್ಚಿರಲ್ಲ, ಊಟ ಬೇಡ ಅಂತಾರೆ ಅಷ್ಟೆ, ಮೈ ಸೊರಗ್ತಾ ಬರುತ್ತೆ, ಮನೆಯೋರು ಮಾತ್ರ ಸಿಸ್ಟರ್ ಏನಾದ್ರೂ ನರಕ್ಕೆ ಏರಿಸಿ ಅಂತ ಕೈ ಹಿಡ್ಕೋತಾರೆ. ಗಡ್ಡೆಯಿಂದ ಮೈಯೊಳಗೆ ಉರಿಯೂತ ಎದ್ದು ಮಾಂಸಖಂಡ ಕರಗ್ತಿರುತ್ತೆ, ಇದು ಬರೀ ಉಪವಾಸದ ಸೊರಗೋದಲ್ಲ, ಹಾಗಾಗಿ ಎಷ್ಟು ಕ್ಯಾಲೊರಿ ಸುರಿದ್ರೂ ಕಳೆದ ಮಾಂಸ ಪೂರ್ತಿ ವಾಪಸ್ ಬರಲ್ಲ.

ಬದಲಿಗೆ ಬರೋದು ಏನು? ಲೈನ್‌ನಿಂದ ರಕ್ತಕ್ಕೆ ಸೋಂಕು, ಕಾಲು ಊತ, ಶ್ವಾಸಕೋಶದಲ್ಲಿ ನೀರು, ಶುಗರ್ ಏರೋದು. ತುಂಬಾ ದಿನ ತಿನ್ನದೇ ಇದ್ದೋರಿಗೆ ಒಮ್ಮೆಗೇ ಜಾಸ್ತಿ ಕೊಟ್ರೆ ಫಾಸ್ಫೇಟ್, ಪೊಟ್ಯಾಶಿಯಂ ಕುಸಿದು ಹೃದಯಕ್ಕೇ ಏಟು ಬೀಳಬಹುದು. ಅದಕ್ಕೇ ಪದೇ ಪದೇ ರಕ್ತ ತೆಗೀಬೇಕು, ಮನೇಲಿರ್ಬೇಕಾದೋರು ಆಸ್ಪತ್ರೆಲೇ ಉಳಿದುಬಿಡ್ತಾರೆ, ಮಕ್ಕಳು ಬಿಲ್ ಕಟ್ಟೋಕೆ ಓಡಾಡ್ತಿರ್ತಾರೆ.

ಬರೀ ನೀರಿನ ಡ್ರಿಪ್ಸ್ ವಿಷಯಕ್ಕೂ 2013ರಲ್ಲಿ ಒಂದು ಅಧ್ಯಯನ ಬಂತು, ಹಾಸ್ಪಿಸ್, ಅಂದ್ರೆ ಕೊನೇ ದಿನಗಳ ಆರೈಕೆಯಲ್ಲಿರೋ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ ಒಂದು ಲೀಟರ್ ಸಲೈನ್, ಉಳಿದೋರಿಗೆ 100 ಎಂಎಲ್ ಮಾತ್ರ, ಸುಸ್ತಲ್ಲಾಗ್ಲಿ ಬದುಕಿದ ದಿನದಲ್ಲಾಗ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಕಾಣಲಿಲ್ಲ.

ಹೊಟ್ಟೆಗಿಲ್ದಂಗೆ ಸಾಯಿಸ್ಬಿಟ್ರು ಅಂತ ಊರೋರು ಅಂತಾರೆ ಅನ್ನೋ ಭಯ ನಿಜವಾದದ್ದೇ, ಆ ಮಾತು ಕೇಳಿ ಅತ್ತ ಮಗನ ಪಕ್ಕ ನಾನೇ ಕೂತಿದೀನಿ. ಕೊನೇ ದಿನಗಳಲ್ಲಿ ಹೆಚ್ಚಿನೋರಿಗೆ ಹಸಿವೇ ಇರಲ್ಲ ಕಣಪ್ಪಾ, ಬಾಯಿ ಒಣಗೋದೇ ಕಷ್ಟ ಅಂದೆ. ಒದ್ದೆ ಹತ್ತೀಲಿ ತುಟಿ ಒರೆಸೋದು, ಆಮೇಲೆ ವ್ಯಾಸಲೀನ್ ಸವರೋದು ತೋರಿಸಿಕೊಟ್ಟೆ. ಅಪ್ಪ ಕೇಳಿದಾಗ ಒಂದೆರಡು ಚಮಚ ಎಳನೀರು ಕೊಡ್ತಾ ರಾತ್ರಿಯೆಲ್ಲಾ ಅವನು ಅಲ್ಲೇ ಕೂತಿದ್ದ.