ಮಾಡಿಗೊಂದು ತೂತು

ಮಲೆನಾಡಿನವರು ಮಾಡಿನ ವಿಷಯದಲ್ಲಿ ತಮಾಷೆ ಸಹಿಸುವುದಿಲ್ಲ. ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಹುಡುಕಿ ಬದಲಿಸದಿದ್ದರೆ ನಮಗೆ ನಿದ್ದೆ ಹತ್ತದು. ಅಂಥದ್ದರಲ್ಲಿ ಸಕಲೇಶಪುರದ ನಮ್ಮ ಭಾವ, ಸೋರದೆ ಇದ್ದ ಮಾಡಿಗೆ ಕೂಲಿ ಕೊಟ್ಟು ತೂತು ಹೊಡೆಸಿದರು. ಅದೂ ಸಂಗೀತಕ್ಕಾಗಿ.

ಮಾಡು ಮನೆಯದಲ್ಲ, ವ್ಯಾನಿನದು. 2007ರಲ್ಲಿ ಹಳೆಯ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಹಲಗೆ ಮಂಚ, ಒಲೆ, ನೀರಿನ ಕ್ಯಾನು ಜೋಡಿಸಿ ಅದನ್ನು 'ಸಂಚಾರಿ ಸಂಸಾರ' ಎಂದು ಕರೆದರು. ಅಕ್ಕ ಕೊಟ್ಟಿಗೆ ಎಂದಳು. ಗುಡ್ಡದ ಮರೆಯಲ್ಲಿ ಎಫ್‌ಎಂ ಗೊರಗೊರ ಎನ್ನುತ್ತದೆಂದು ಭಾವ ಉಪಗ್ರಹ ರೇಡಿಯೊ ತಂದರು. ಆಗ ವರ್ಲ್ಡ್‌ಸ್ಪೇಸ್ ಎಂಬ ಸೇವೆಯಿತ್ತು. ಚಂದಾ ಕಟ್ಟಿದರೆ ಏಷ್ಯಾಸ್ಟಾರ್ ಉಪಗ್ರಹದಿಂದ ಕರ್ನಾಟಕ ಸಂಗೀತ ನೇರ ಇಳಿದುಬರುತ್ತಿತ್ತು. "ವಯರಿಗೆ ಒಂದೇ ತೂತು ಸಾರ್" ಎಂದ ಮೆಕ್ಯಾನಿಕ್, ಅಕ್ಕ ಬಾಯಿ ತೆರೆಯುವುದರೊಳಗೆ ಹೊಡೆದೂ ಬಿಟ್ಟಿದ್ದ. ಮೇಲೆ ಚಪ್ಪಟೆ ಬಿಲ್ಲೆಯಂಥ ಆಂಟೆನಾ ಕೂತಿತು.

ಬಿಲ್ಲೆಗೆ ಒಂದು ಹಟ. ಏಷ್ಯಾಸ್ಟಾರ್ ಇದ್ದದ್ದು ಭೂಮಧ್ಯರೇಖೆಯಿಂದ ಸುಮಾರು 36,000 ಕಿ.ಮೀ. ಮೇಲೆ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮಿಂದ ನೋಡಿದರೆ ಪೂರ್ವಕ್ಕೆ, ಕೊಂಚ ದಕ್ಷಿಣಕ್ಕೆ ವಾಲಿ. ಬಿಲ್ಲೆ ಅತ್ತಲೇ ಮುಖ ಮಾಡಿರಬೇಕು. ಶಿರಾಡಿ ಘಾಟಿಯ ತಿರುವುಗಳಿಗೆ ಇದೆಲ್ಲ ಗೊತ್ತೇ? ಒಂದರಲ್ಲಿ ಕಲ್ಯಾಣಿಯ ಆಲಾಪನೆ, ಮುಂದಿನದರಲ್ಲಿ ಮೌನ, ಅದರಾಚೆ ನೇರ ತನಿ ಆವರ್ತನ. ಕೊನೆಗೆ ನಿಂತಲ್ಲೇ ಕೇಳುವುದೆಂದಾಯಿತು. ಎಲ್ಲಿ ತಂಗಿದರೂ ಭಾವ ದಿಕ್ಸೂಚಿ ಹಿಡಿದು ವ್ಯಾನನ್ನು ಹಿಂದೆ ಮುಂದೆ ಮಾಡಿಸುತ್ತಿದ್ದರು. ವಾಸ್ತು ನೋಡಿ ನಿಲ್ಲಿಸುತ್ತಿದ್ದ ವಾಹನ ಜಿಲ್ಲೆಗೆ ಅದೊಂದೇ ಇರಬೇಕು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆಯಲ್ಲ, ಅಲ್ಲಿನ ದೊಡ್ಡ ದೊಡ್ಡ ತಟ್ಟೆಗಳು ಕಂಡಾಗಲೆಲ್ಲ ವೇಗ ತಗ್ಗಿಸುತ್ತಿದ್ದರು. ಸಹೋದ್ಯೋಗಿಗಳಿಗೆ ತೋರುವ ಮರ್ಯಾದೆ!

2009ರ ಡಿಸೆಂಬರ್ 31ಕ್ಕೆ ಆ ಸೇವೆ ಭಾರತದಲ್ಲಿ ನಿಂತಿತು. ಬಿಲ್ಲೆ ಇಳಿಯಿತು, ತೂತು ಉಳಿಯಿತು. ಮೇಣ, ರಬ್ಬರು, ಟಾರು ಎಲ್ಲ ಮೆತ್ತಿಯಾಗಿದೆ. ಆಷಾಢ ಬಂದರೆ ಮಂಚದ ಮೇಲೆ ತೊಟ್ಟಿಕ್ಕುವುದು ತಪ್ಪಿಲ್ಲ. ಮೊನ್ನೆ ಮಳೆಯಲ್ಲಿ ಭಾವ ಬೋಗುಣಿಯನ್ನು ಅತ್ತಿತ್ತ ಸರಿಸುತ್ತಿದ್ದರು. ಹನಿ ಒಳಕ್ಕೆ ಬೀಳಲೊಲ್ಲದು. ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದ ಅಕ್ಕ ಹೇಳಿದಳು:

"ಪೂರ್ವಕ್ಕೆ. ಇನ್ನೂ ಸ್ವಲ್ಪ ಪೂರ್ವಕ್ಕೆ."