ಅಭ್ಯರ್ಥಿಯ ವಿರುದ್ಧ ಬರೆದರೆ ನೇರ ಜೈಲೇ? ಒಂದು ಸ್ಪಷ್ಟನೆ

‘ಅಭ್ಯರ್ಥಿಯ ವಿರುದ್ಧ ಏನೇ ಹಂಚಿದರೂ ನೇರ ಜೈಲು, ಅವರ ಎದುರಾಳಿಯ ಆಯ್ಕೆಯೂ ರದ್ದು’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಂ ಟೀಕೆಯನ್ನು ಮುಟ್ಟುವುದಿಲ್ಲ. ಫಲಿತಾಂಶದ ಮೇಲೆ ಪ್ರಭಾವ ಬೀರಲೆಂದು, ಸುಳ್ಳೆಂದು ತಿಳಿದೋ ನಿಜವೆಂಬ ನಂಬಿಕೆಯಿಲ್ಲದೆಯೋ, ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯ ಅಥವಾ ನಡತೆಯ ಬಗ್ಗೆ ಸುಳ್ಳು ಸಂಗತಿ ಪ್ರಕಟಿಸಿದರೆ ಮಾತ್ರ ಅಪರಾಧ. ಅದಕ್ಕೂ ದಂಡವಷ್ಟೇ. ‘ಗೆದ್ದ ಮೇಲೆ ಈ ಕಡೆ ತಲೆ ಹಾಕಲಿಲ್ಲ, ನೀರಿನ ಗೋಳು ಕೇಳಲಿಲ್ಲ’ ಎಂದು ಸಿಟ್ಟಿನಿಂದ ಬರೆದವರು ಹೆದರಬೇಕಿಲ್ಲ. ನಲ್ಲಿಯ ಮುಂದೆ ಕೊಡ ಹಿಡಿದು ಕಾಯುವವರು ಅಷ್ಟೂ ಅನ್ನಬಾರದೆ?

ಆಯ್ಕೆ ರದ್ದತಿಗೆ 1951ರ ಜನಪ್ರತಿನಿಧಿ ಕಾಯ್ದೆಯ 123(4)ನೇ ಕಲಂ ಇದೆ. ವಿಧಾನಸಭೆ, ಲೋಕಸಭೆ ಚುನಾವಣೆಗಳಿಗೆ ಅದು ಅನ್ವಯ. ಆದರೆ ಸುಳ್ಳು ಹಬ್ಬಿಸಿದ್ದು ಗೆದ್ದ ಅಭ್ಯರ್ಥಿ, ಅವರ ಏಜೆಂಟ್ ಅಥವಾ ಅವರ ಸಮ್ಮತಿ ಪಡೆದವರು ಎಂದು ಸಾಬೀತಾಗಬೇಕು. ತಕರಾರು ಅರ್ಜಿಯನ್ನು 45 ದಿನಗಳೊಳಗೆ ಹೈಕೋರ್ಟಿಗೆ ಸಲ್ಲಿಸಬೇಕು.

ಜೈಲಿನ ಮಾತು ಪೂರ್ತಿ ಗಾಳಿಮಾತಲ್ಲ. ಮಾನನಷ್ಟ ಪ್ರಕರಣ ಬೇರೆ, ಅದಕ್ಕೆ ಎರಡು ವರ್ಷದವರೆಗೆ ಸಜೆ ಇದೆ. ಮುದ್ರಕರ, ಪ್ರಕಾಶಕರ ಹೆಸರು ವಿಳಾಸವಿಲ್ಲದೆ ಚುನಾವಣಾ ಕರಪತ್ರ ಅಚ್ಚು ಹಾಕಿದರೆ ಆರು ತಿಂಗಳವರೆಗೆ.